ಶೋಧನೆಯೂ ನ್ಯಾಯವೂ

ವಿವೇಕವೆಂಬ ಶಬ್ದಕ್ಕೆ ಮೂಲದಲ್ಲಿ ಬೇರ್ಪಡಿಸುವುದೆಂದೇ ಅರ್ಥ. ಬೆರೆತುಕೊಂಡಿರುವುದನ್ನು ಬಿಡಿಸಿ, ಇದು ಗ್ರಾಹ್ಯ, ಇದು ತ್ಯಾಜ್ಯ ಎಂದು ತಿಳಿಯುವ ಶಕ್ತಿಯೇ ವಿವೇಕ. ಹಾಲನ್ನು ನೀರಿನಿಂದ ಬೇರ್ಪಡಿಸುತ್ತದೆಂದು ಹೆಸರಾದ ಹಂಸವನ್ನು ಪೂರ್ವಿಕರು ಈ ಶಕ್ತಿಗೆ ಸಂಕೇತವಾಗಿ ಮಾಡಿಕೊಂಡರು. ಜ್ಞಾನಿಗಳಲ್ಲಿ ಶ್ರೇಷ್ಠನಾದವನನ್ನು ಪರಮಹಂಸನೆಂದು ಕರೆದರು. ಹಂಸಪಕ್ಷಿಗೆ ಆ ಸಾಮರ್ಥ್ಯವು ನಿಜವಾಗಿ ಇಲ್ಲದಿರಬಹುದು. ಆದರೆ ಬೆರೆತ ದ್ರವದಿಂದ ಬೇಕಾದುದನ್ನು ಹಿಡಿದು ಬೇಡವಾದುದನ್ನು ಬಿಡುವ ಅಂಗವೊಂದು ಪ್ರತಿಯೊಬ್ಬ ಮನುಷ್ಯನ ದೇಹದಲ್ಲಿಯೂ, ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಕಡೆಯ ಪಕ್ಕೆಲುಬುಗಳ ಮರೆಯಲ್ಲಿ, ಹಗಲಿರುಳು ದುಡಿಯುತ್ತಿರುವುದು ನಿಸ್ಸಂದೇಹವಾದ ಸಂಗತಿ. ಅದೇ ಮೂತ್ರಪಿಂಡ. ಹೆಸರಿನ ಮೊದಲಲ್ಲಿರುವ ಶಬ್ದದ ದೆಸೆಯಿಂದ ಸಭ್ಯರ ಗೋಷ್ಠಿಯಲ್ಲಿ ಅದಕ್ಕೆ ಪ್ರವೇಶ ಕಡಮೆ. ಹೃದಯವು ಕವಿಯ ಪಾಲಿಗೂ ಶಿರಸ್ಸು ತತ್ತ್ವಜ್ಞಾನಿಯ ಪಾಲಿಗೂ ಸಂದಿವೆ. ಮೂತ್ರಪಿಂಡವು ವೈದ್ಯನ ಪಾಲಿಗೆ ಬಿದ್ದಿದೆ.

ಆದರೂ ತತ್ತ್ವವಿಚಾರಕ್ಕೆ ಈ ಅಂಗವು ಒದಗಿಸುವಷ್ಟು ಸಾಮಗ್ರಿಯನ್ನು ಒದಗಿಸುವ ಅಂಗಗಳು ಹೆಚ್ಚಿಲ್ಲ. ಏಕೆಂದರೆ ಅದು ಮಾಡುವ ಕೆಲಸವನ್ನೇ ಮನುಷ್ಯನೂ ತನ್ನ ಮನಸ್ಸಿನಲ್ಲಿ, ಮನೆಯಲ್ಲಿ, ಸಮಾಜದಲ್ಲಿ ಮಾಡಬೇಕಾಗಿದೆ: ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು? ದೇಹವು ಇದನ್ನು ಮಾಡುವ ಕ್ರಮವು ಅತ್ಯಂತ ನಿಪುಣವಾದುದು. ಆ ಕ್ರಮವನ್ನೇ ಮನುಷ್ಯನು ಮನುಷ್ಯರ ವಿಷಯದಲ್ಲಿಯೂ ಅನುಸರಿಸಬಹುದೆ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ. ಪ್ರಶ್ನೆಯು ಬರಿಯ ತರ್ಕವಿಲಾಸಕ್ಕೆ ಹುಟ್ಟಿದುದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಇದರ ಉತ್ತರವನ್ನು ಅವಲಂಬಿಸಿ ಜನರು ಬದುಕಿದ್ದೂ ಸತ್ತದ್ದೂ ಉಂಟು.

೧

ಮೂತ್ರಪಿಂಡಗಳು ಎರಡು. ಒಂದೊಂದೂ ಅವರೆಕಾಳಿನ ಆಕಾರದ್ದು, ಮುಷ್ಟಿಯಷ್ಟು ದೊಡ್ಡದು, ಸುಮಾರು ೧೫೦ ಗ್ರಾಂ ತೂಕದ್ದು. ಎರಡನ್ನೂ ಕೂಡಿಸಿದರೆ ದೇಹದ ತೂಕದ ಇನ್ನೂರರಲ್ಲಿ ಒಂದು ಪಾಲಿನಷ್ಟಾಗುತ್ತದೆ. ಹೀಗಿದ್ದರೂ ಹೃದಯವು ನಿಮಿಷಕ್ಕೆ ಹೊರದೂಡುವ ಸುಮಾರು ೫ ಲೀಟರು ರಕ್ತದಲ್ಲಿ ೧ ಲೀಟರಿನಷ್ಟು ಈ ಎರಡು ಸಣ್ಣ ಪಿಂಡಗಳಿಗೇ ಸಲ್ಲುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಮೆದುಳಿಗಾಗಲಿ, ಹೃದಯದ ಸ್ವಂತ ಮಾಂಸಕ್ಕಾಗಲಿ ಇಷ್ಟು ರಕ್ತವು ದೊರೆಯುವುದಿಲ್ಲ.

ಒಂದೊಂದು ಪಿಂಡದೊಳಗೂ ಸುಮಾರು ಹತ್ತು ಲಕ್ಷ ಸೂಕ್ಷ್ಮಯಂತ್ರಗಳಿವೆ. ಅವುಗಳಿಗೆ ನೆಫ್ರಾನುಗಳೆಂದು ಹೆಸರು. ಪ್ರತಿಯೊಂದು ನೆಫ್ರಾನಿನ ತಲೆಯಲ್ಲಿಯೂ ಲೋಮನಾಳಗಳ ಒಂದು ಉಂಡೆಯಿದೆ. ಆ ಉಂಡೆಯನ್ನು ಬಟ್ಟಲಿನಂತೆ ಒಂದು ಕೋಶವು ಸುತ್ತುವರಿದಿದೆ. ಬಟ್ಟಲಿನ ತಳದಿಂದ ಸುರುಳಿಸುರುಳಿಯಾದ ಒಂದು ನಾಳಿಕೆಯು ಹೊರಡುತ್ತದೆ. ಲಂಡನ್ನಿನ ಬೌಮನ್ ಎಂಬ ಪಂಡಿತನು ೧೮೪೨ರಲ್ಲಿ ಈ ಉಂಡೆಗೂ ನಾಳಿಕೆಗೂ ಇರುವ ಸಂಬಂಧವನ್ನು ಸೂಕ್ಷ್ಮದರ್ಶಕದಿಂದ ಕಂಡು ವಿವರಿಸಿದನು. ಅದೇ ದಶಕದಲ್ಲಿ ಜರ್ಮನಿಯ ಲೂಡ್ವಿಗ್ ಎಂಬಾತನು, ರಕ್ತದ ಒತ್ತಡದಿಂದ ದ್ರವವು ಉಂಡೆಯಲ್ಲಿ ಸೋಸಿ ಬರುತ್ತದೆಂದೂ, ಮುಂದೆ ನಾಳಿಕೆಯಲ್ಲಿ ಅದರ ಬಹುಭಾಗವು ಮತ್ತೆ ರಕ್ತವನ್ನು ಸೇರುತ್ತದೆಂದೂ ಊಹಿಸಿದನು. ಊಹೆಯು ಪ್ರಯೋಗದಿಂದ ಸಿದ್ಧವಾಗಲು ಎಂಬತ್ತು ವರ್ಷ ಹಿಡಿಯಿತು. ೧೯೨೪ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ರಿಚರ್ಡ್ಸ್ ಮತ್ತು ವರ್ನ್ ಎಂಬಿಬ್ಬರು ಕೂದಲಿಗಿಂತ ಸಣ್ಣದಾದ ಗಾಜಿನ ಕೊಳವೆಯಿಂದ ಕಪ್ಪೆಯ ಮೂತ್ರಪಿಂಡದ ಬಟ್ಟಲಿನೊಳಗಿನ ದ್ರವವನ್ನು ಹೀರಿ ಪರೀಕ್ಷಿಸಿದರು. ಆ ದ್ರವದಲ್ಲಿ ಸಕ್ಕರೆಯಿತ್ತು. ಅದೇ ಕಪ್ಪೆಯ ಮೂತ್ರಾಶಯದ ದ್ರವದಲ್ಲಿ ಸಕ್ಕರೆಯಿರಲಿಲ್ಲ. ಹಾಗಾದರೆ ನಡುದಾರಿಯಲ್ಲಿ ಅದನ್ನು ಯಾರೋ ಹಿಂದಕ್ಕೆ ತೆಗೆದುಕೊಂಡಿರಲೇಬೇಕು. ಆ ತೆಗೆದುಕೊಂಡವರೇ ನಾಳಿಕೆಯ ಗೋಡೆಯ ಜೀವಕಣಗಳು.

ಈ ಕಾರ್ಯದ ಪ್ರಮಾಣವು ಬೆರಗುಗೊಳಿಸತಕ್ಕದ್ದು. ಮನುಷ್ಯನ ಎರಡು ಪಿಂಡಗಳಲ್ಲಿ ದಿನವೊಂದಕ್ಕೆ ಸೋಸಿ ಇಳಿಯುವ ದ್ರವವು ಸುಮಾರು ೧೮೦ ಲೀಟರು. ರಕ್ತದ ದ್ರವಭಾಗವೆಲ್ಲ ಸೇರಿ ೩ ಲೀಟರು ಮಾತ್ರವಾದುದರಿಂದ, ಅದೆಲ್ಲವೂ ದಿನಕ್ಕೆ ಅರುವತ್ತು ಸಲ ಶೋಧನೆಗೆ ಒಳಗಾಗುತ್ತದೆಂದು ಹೇಳಬೇಕು. ಕಡೆಗೆ ಹೊರಕ್ಕೆ ಹೋಗುವುದೋ ಒಂದೂವರೆ ಲೀಟರಿನಷ್ಟು. ಉಳಿದ ೧೭೮ ಲೀಟರಿಗೂ ಮಿಕ್ಕ ನೀರು ರಕ್ತಕ್ಕೆ ಮರಳುತ್ತದೆ. ಅದರೊಡನೆ ಸುಮಾರು ೧೮೦ ಗ್ರಾಂ ಸಕ್ಕರೆಯೂ ಒಂದು ಕಿಲೋಗ್ರಾಮಿಗೆ ಮೀರಿದ ಉಪ್ಪೂ ಹಿಂದಿರುಗುತ್ತವೆ.

೨

ಇಲ್ಲಿ ಮೊದಲು ಗಮನಿಸತಕ್ಕದ್ದು ಶೋಧನೆಯ ಕ್ರಮ. ಮನೆಯಲ್ಲಿ ಅಕ್ಕಿಯನ್ನು ಆರಿಸುವ ಗೃಹಿಣಿಯು ಮೊರದ ಮೇಲೆ ಅಕ್ಕಿಯನ್ನು ಹರಡಿ ಕಲ್ಲನ್ನು ಹುಡುಕಿ ತೆಗೆದು ಎಸೆಯುತ್ತಾಳೆ. ಅಕ್ಕಿ ಬಹಳ, ಕಲ್ಲು ಸ್ವಲ್ಪ. ಆದುದರಿಂದ ಕಲ್ಲನ್ನು ಹುಡುಕುವುದೇ ಸುಲಭ. ಮೂತ್ರಪಿಂಡದ ಕ್ರಮವು ಇದಕ್ಕೆ ವಿಪರೀತ. ಅದು ರಕ್ತಕಣಗಳನ್ನೂ ದೊಡ್ಡ ಪ್ರೋಟೀನುಗಳನ್ನೂ ಮಾತ್ರ ಹಿಡಿದಿಟ್ಟುಕೊಂಡು, ಉಳಿದುದೆಲ್ಲವನ್ನೂ, ನೀರು, ಉಪ್ಪು, ಸಕ್ಕರೆ, ಯೂರಿಯಾ, ಔಷಧ, ವಿಷ ಎಂಬ ಭೇದವಿಲ್ಲದೆ ಹೊರಗಿನ ದಾರಿಗೆ ಸುರಿದುಬಿಡುತ್ತದೆ. ಅನಂತರ ಆ ರಾಶಿಯಿಂದ ದೇಹಕ್ಕೆ ಬೇಕಾದುದನ್ನು ಗುರುತಿಸಿ ಗುರುತಿಸಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಕಲ್ಲನ್ನು ಹುಡುಕುವುದಕ್ಕೆ ಬದಲಾಗಿ, ಎಲ್ಲವನ್ನೂ ಅಂಗಳಕ್ಕೆ ಸುರಿದು ಅಕ್ಕಿಯನ್ನೇ ಒಂದೊಂದಾಗಿ ಆರಿಸಿ ಒಳತಂದಂತೆ. ಕೆಲವು ಪದಾರ್ಥಗಳನ್ನು ನಾಳಿಕೆಯ ಗೋಡೆಗಳೇ ರಕ್ತದಿಂದ ಸೆಳೆದು ಹೊರಕ್ಕೆ ತಳ್ಳುವುದೂ ಉಂಟು. ಆದರೆ ಮುಖ್ಯವಾದ ಮಾರ್ಗವು ಮೇಲೆ ಹೇಳಿದುದೇ.

ಇದು ದುಂದುಗಾರಿಕೆಯೆಂದು ತೋರಬಹುದು. ಆದರೆ ಇದರಲ್ಲಿ ಗಂಭೀರವಾದ ಯುಕ್ತಿಯಿದೆ. ಕೆಟ್ಟದ್ದಕ್ಕೆ ಕೊನೆಯಿಲ್ಲ. ಇಂದಿನವರೆಗೆ ದೇಹವು ಕಂಡರಿಯದ ವಿಷವು ನಾಳೆ ಅದರೊಳಗೆ ಸೇರಬಹುದು. ಕೆಟ್ಟದ್ದನ್ನು ಗುರುತಿಸಿ ಹೊರಹಾಕುವುದೇ ನಿಯಮವಾದರೆ ಗುರುತಿಲ್ಲದ ಹೊಸ ಕೇಡು ಒಳಗೇ ನಿಲ್ಲುತ್ತದೆ. ದೇಹಕ್ಕೆ ಬೇಕಾದುವಾದರೋ ಪರಿಮಿತ. ಅವುಗಳನ್ನು ಚೆನ್ನಾಗಿ ಅರಿತುಕೊಂಡರೆ ಸಾಕು; ಉಳಿದುದು ತಾನಾಗಿ ಹರಿದುಹೋಗುತ್ತದೆ. ಕೇಡುಗಳ ಪಟ್ಟಿಯನ್ನು ಬರೆದಿಟ್ಟುಕೊಂಡು ಒಂದೊಂದರೊಡನೆಯೂ ಹೋರಾಡುವ ಸಾಧಕನಿಗಿಂತ, ತನಗೆ ಬೇಕಾದ ಒಳ್ಳಿತು ಯಾವುದೆಂಬುದನ್ನು ಸ್ಪಷ್ಟವಾಗಿ ತಿಳಿದ ಸಾಧಕನು ಬೇಗ ಶುದ್ಧನಾಗುವನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ.

ಎರಡನೆಯದಾಗಿ ಗಮನಿಸತಕ್ಕದ್ದು, ಮೂತ್ರಪಿಂಡದ ಕಣ್ಣಿಗೆ ಯಾವ ಪದಾರ್ಥವೂ ಸ್ವಭಾವತಃ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲವೆಂಬುದು. ಎಲ್ಲವೂ ಪ್ರಮಾಣದ ಮೇಲೆ ನಿಂತಿದೆ. ಉಪ್ಪನ್ನು ಹೆಚ್ಚಾಗಿ ಉಂಡ ದಿನ ಅದು ಉಪ್ಪನ್ನು ಬಿಡುತ್ತದೆ; ಉಪ್ಪು ಸಾಲದ ದಿನ, ಅಡ್ರಿನಲ್ ಗ್ರಂಥಿಯು ಕಳುಹಿಸುವ ಆಲ್ಡೊಸ್ಟೆರೋನ್ ಎಂಬ ಹಾರ್ಮೋನಿನ ಆಣತಿಯಂತೆ, ಚಿಟಿಕೆ ಉಪ್ಪನ್ನೂ ಬಿಡದೆ ಹಿಡಿಯುತ್ತದೆ. ಬಾಯಾರಿದವನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ಇನ್ನೊಂದು ಹಾರ್ಮೋನು ಇಳಿದು ಬಂದಾಗ ನೀರನ್ನು ಉಳಿಸಿಕೊಂಡು, ದಿನದ ಮೂತ್ರವನ್ನು ಅರ್ಧ ಲೀಟರಿನ ಸಮೀಪಕ್ಕೆ ಇಳಿಸುತ್ತದೆ. ಸಕ್ಕರೆಯು ಅಮೂಲ್ಯವಾದ ಆಹಾರ. ಆರೋಗ್ಯವಂತನಲ್ಲಿ ಅದರ ಕಣವೂ ಪೋಲಾಗುವುದಿಲ್ಲ. ಆದರೆ ನೂರು ಮಿಲಿಲೀಟರು ರಕ್ತದಲ್ಲಿ ಅದು ಸುಮಾರು ೧೮೦ ಮಿಲಿಗ್ರಾಮಿಗೆ ಮೀರಿತೆಂದರೆ ನಾಳಿಕೆಯ ಶಕ್ತಿ ಸಾಲದೆ ಅಮೃತವೇ ತ್ಯಾಜ್ಯವಾಗಿ ಹರಿಯುತ್ತದೆ. ಆ ಮಾಧುರ್ಯಕ್ಕೆ ಇರುವೆಗಳು ಮುತ್ತುವುದನ್ನು ಕಂಡ ಪ್ರಾಚೀನ ವೈದ್ಯರು ರೋಗಕ್ಕೆ ಮಧುಮೇಹವೆಂದು ಹೆಸರಿಟ್ಟರು.

ಯೂರಿಯಾದ ವಿಷಯವಂತೂ ಮತ್ತೂ ವಿಚಿತ್ರ. ಅದು ಪ್ರೋಟೀನು ಸವೆದು ಹುಟ್ಟುವ ಕಸ. ಆದರೂ ಸೋಸಿದ ಯೂರಿಯಾದಲ್ಲಿ ಅರೆಪಾಲಿನಷ್ಟು ಮರಳಿ ಒಳಸೇರುತ್ತದೆ. ಅದರಲ್ಲಿ ಒಂದಂಶವು ಮೂತ್ರಪಿಂಡದ ಒಳಭಾಗದಲ್ಲಿ ನಿಂತು, ನೀರನ್ನು ಸೆಳೆದುಕೊಳ್ಳುವುದಕ್ಕೆ ಸಹಾಯವಾಗುತ್ತದೆ. ದೇಹವು ಕಸದಿಂದಲೇ ನೀರನ್ನು ಕಾಯುತ್ತದೆ. ಯಾವುದನ್ನು ಹೀನವೆಂದು ಹೆಸರಿಟ್ಟಿರುವರೋ ಅದಕ್ಕೂ ಒಂದು ಸ್ಥಾನ, ಒಂದು ಹೊತ್ತು, ಒಂದು ಉಪಯೋಗ ಉಂಟು.

ಮೂತ್ರಪಿಂಡದ ಕಾರ್ಯವು ಇಷ್ಟಕ್ಕೆ ನಿಲ್ಲುವುದಿಲ್ಲ. ರಕ್ತದಲ್ಲಿ ಆಮ್ಲಜನಕವು ಕಡಮೆಯಾದುದನ್ನು ಅರಿತು, ಮೂಳೆಯ ಮಜ್ಜೆಗೆ ಹೊಸ ರಕ್ತಕಣಗಳನ್ನು ಹುಟ್ಟಿಸೆಂದು ಹಾರ್ಮೋನಿನ ಮೂಲಕ ತಿಳಿಸುವುದು ಅದೇ. ರಕ್ತದೊತ್ತಡವನ್ನು ಹದದಲ್ಲಿಡುವುದರಲ್ಲಿಯೂ, ಡಿ ಜೀವಸತ್ತ್ವವನ್ನು ಸಿದ್ಧರೂಪಕ್ಕೆ ತರುವುದರಲ್ಲಿಯೂ, ರಕ್ತದ ಆಮ್ಲಕ್ಷಾರಗಳನ್ನು ತೂಗಿಸುವುದರಲ್ಲಿಯೂ ಅದರ ಕೈಯಿದೆ. ಒಳಗಿನ ಪರಿಸರವು ಸ್ಥಿರವಾಗಿದ್ದರೇ ಜೀವಿಯು ಹೊರಗೆ ಸ್ವತಂತ್ರವಾಗಿರಬಲ್ಲದೆಂದು ಫ್ರಾನ್ಸಿನ ಕ್ಲೋದ್ ಬರ್ನಾರ್ ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡುಕೊಂಡನು. ಬಿಸಿಲಲ್ಲಿ ಉಳುವವನೂ, ಉಪವಾಸವಿರುವವನೂ, ಮದುವೆಯೂಟ ಉಂಡವನೂ ತಮ್ಮ ತಮ್ಮ ಕೆಲಸಗಳನ್ನು ನಿಶ್ಚಿಂತೆಯಿಂದ ಮಾಡಿಕೊಳ್ಳುತ್ತಿರುವುದು ಈ ಸ್ಥೈರ್ಯದ ಬಲದಿಂದ.

೩

ಇಷ್ಟು ಸುಂದರವಾದ ವ್ಯವಸ್ಥೆಯನ್ನು ಕಂಡ ಮೇಲೆ, ಸಮಾಜವೂ ಇದರಂತೆ ನಡೆಯಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜ. ಅಮೆರಿಕದ ಶರೀರಶಾಸ್ತ್ರಜ್ಞನಾದ ವಾಲ್ಟರ್ ಕ್ಯಾನನ್ನನು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ದೇಹದ ವಿವೇಕವೆಂಬ ಅರ್ಥದ ಹೆಸರನ್ನೇ ಇಟ್ಟು, ಕೊನೆಯ ಅಧ್ಯಾಯದಲ್ಲಿ ಸಮಾಜವು ದೇಹದಿಂದ ಕಲಿಯಬಹುದಾದ ಪಾಠವನ್ನು ವಿಚಾರಿಸಿದನು. ಹೋಲಿಕೆಯು ಹೊಸದಲ್ಲ. ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದನು. ರೋಮಿನಲ್ಲಿ ಮುನಿದು ಊರು ಬಿಟ್ಟಿದ್ದ ಶ್ರಮಜೀವಿಗಳನ್ನು ಮೆನೇನಿಯಸ್ ಅಗ್ರಿಪ್ಪನು ಹೊಟ್ಟೆಗೂ ಕೈಕಾಲುಗಳಿಗೂ ನಡೆದ ಜಗಳದ ಕಥೆಯಿಂದ ಸಮಾಧಾನಪಡಿಸಿದನೆಂದು ಇತಿಹಾಸಕಾರನಾದ ಲಿವಿ ಹೇಳುತ್ತಾನೆ.

ಹೋಲಿಕೆಯನ್ನು ಪ್ರಾಮಾಣಿಕವಾಗಿ ಮಾಡುವವನು ಅದರ ಮೊದಲನೆಯ ತೀರ್ಪನ್ನು ತನ್ನ ಮೇಲೆಯೇ ತೆಗೆದುಕೊಳ್ಳಬೇಕಾಗುತ್ತದೆ. ದೇಹದಲ್ಲಿ ಶುದ್ಧಿಕಾರ್ಯವನ್ನು ಮಾಡುವ ಅಂಗಕ್ಕೆ ರಕ್ತದ ಐದನೆಯ ಒಂದು ಪಾಲು ಸಲ್ಲುತ್ತದೆ. ಈ ದೇಶದ ಸಮಾಜದಲ್ಲಿ ಶುದ್ಧಿಕಾರ್ಯವನ್ನು ಮಾಡುವವರಿಗೆ ಸಂದುದೇನು? ಊರಿನ ಕೊಳೆಯನ್ನು ಹೊತ್ತವರಿಗೆ ಊರ ಹೊರಗೆ ಮನೆ, ಕಡೆಯ ಪಂಕ್ತಿ, ಕೀಳೆಂಬ ಹೆಸರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ೧೯೭೦ರ ದಶಕದಲ್ಲಿ ಕರ್ನಾಟಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ನಿಲ್ಲಿಸಹೊರಟರು, ಭಾರತದ ಸಂಸತ್ತು ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಕಾಯಿದೆಗಳನ್ನು ಮಾಡಿತು. ಆದರೂ ಮಲದ ಗುಂಡಿಗಿಳಿದು ಉಸಿರುಕಟ್ಟಿ ಸಾಯುವವರ ವಾರ್ತೆಯು ವೃತ್ತಪತ್ರಿಕೆಗಳಿಂದ ಮರೆಯಾಗಿಲ್ಲ. ಸಮಾಜವು ದೇಹದಂತಿದೆಯೆಂದು ಹೇಳುವವರು, ದೇಹವು ತನ್ನನ್ನು ಶುದ್ಧಗೊಳಿಸುವವನಿಗೆ ಮೊದಲು ಉಣಿಸುತ್ತದೆಂಬುದನ್ನೂ ಹೇಳಬೇಕು.

ಆದರೆ ಹೋಲಿಕೆಗೆ ಇನ್ನೊಂದು ಮುಖವಿದೆ, ಅದು ಭಯಂಕರವಾದುದು. ಸಮಾಜವು ದೇಹವೆಂದ ಮೇಲೆ, ಅದರಲ್ಲಿ ಕೆಲವರು ಪೌಷ್ಟಿಕಾಂಶಗಳೂ ಕೆಲವರು ವಿಷಗಳೂ ಆಗಬೇಕಲ್ಲವೆ? ೧೯೩೩ರಿಂದ ೧೯೪೫ರವರೆಗೆ ಜರ್ಮನಿಯನ್ನು ಆಳಿದ ನಾಜಿಗಳು ಈ ತರ್ಕವನ್ನು ಕೊನೆಮುಟ್ಟ ನಡೆಸಿದರು. ಜನಾಂಗವೊಂದು ದೇಹ, ಅದರ ರಕ್ತವು ಶುದ್ಧವಾಗಿರಬೇಕು, ಅಶುದ್ಧಿಯನ್ನು ತೆಗೆಯುವುದು ಆರೋಗ್ಯದ ಕಾರ್ಯ ಎಂದರು. ಬುದ್ಧಿವಿಕಲರನ್ನೂ ಅಂಗವಿಕಲರನ್ನೂ ವೈದ್ಯರ ಕೈಯಿಂದಲೇ ಆರಿಸಿ ತೆಗೆಸಿ, ೧೯೪೧ರ ಆಗಸ್ಟಿನ ವೇಳೆಗೆ ೭೦,೦೦೦ಕ್ಕೂ ಹೆಚ್ಚು ಮಂದಿಯನ್ನು ವಿಷವಾಯುವಿನಿಂದ ಕೊಂದರು. ಅನಂತರ ಸುಮಾರು ೬೦ ಲಕ್ಷ ಯೆಹೂದಿಗಳ ಹತ್ಯೆಯಾಯಿತು. ಅದಕ್ಕೂ ಅವರು ಇಟ್ಟ ಹೆಸರು ಶುದ್ಧಿಯೇ.

೪

ರಕ್ತಶುದ್ಧಿಯ ಹೆಸರಿನಲ್ಲಿ ಇಷ್ಟು ಕೊಲೆಗಳು ನಡೆಯುತ್ತಿದ್ದಾಗಲೇ, ನಾಜಿಗಳು ಆಕ್ರಮಿಸಿಕೊಂಡಿದ್ದ ಹಾಲೆಂಡಿನ ಒಂದು ಸಣ್ಣ ಊರಿನಲ್ಲಿ ಒಬ್ಬ ವೈದ್ಯನು ನಿಜವಾಗಿಯೂ ರಕ್ತವನ್ನು ಶುದ್ಧಗೊಳಿಸುವ ಯಂತ್ರವನ್ನು ಕಟ್ಟುತ್ತಿದ್ದನು. ಆತನ ಹೆಸರು ವಿಲೆಮ್ ಕಾಲ್ಫ್. ೧೯೩೮ರಲ್ಲಿ ಗ್ರೋನಿಂಗೆನ್ ನಗರದ ಆಸ್ಪತ್ರೆಯಲ್ಲಿ, ಮೂತ್ರಪಿಂಡಗಳು ಕೆಟ್ಟು ರಕ್ತದಲ್ಲಿ ಯೂರಿಯಾ ತುಂಬಿಕೊಂಡ ೨೨ ವರ್ಷದ ರೈತಯುವಕನೊಬ್ಬನು ಆತನ ಕಣ್ಣೆದುರಿಗೇ ಮೆಲ್ಲಮೆಲ್ಲನೆ ಸತ್ತನು. ದಿನಕ್ಕೆ ಇಷ್ಟು ಯೂರಿಯಾವನ್ನು ತೆಗೆಯುವ ಉಪಾಯವಿದ್ದರೆ ಹುಡುಗನು ಬದುಕುತ್ತಿದ್ದನಲ್ಲ ಎಂಬ ಯೋಚನೆಯು ಆ ತರುಣವೈದ್ಯನನ್ನು ಬಿಡಲಿಲ್ಲ. ೧೯೪೦ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯವು ಬಂದಾಗ ಆತನ ಮೇಲಧಿಕಾರಿಗಳಾಗಿದ್ದ ಯೆಹೂದಿ ವೈದ್ಯ ಪೊಲಾಕ್ ಡೇನಿಯಲ್ಸ್ ಅವರು ಪತ್ನಿಯೊಡನೆ ಪ್ರಾಣತ್ಯಾಗ ಮಾಡಿದರು. ಆ ಸ್ಥಾನಕ್ಕೆ ಬಂದ ನಾಜಿ ಪಕ್ಷದವನ ಕೈಕೆಳಗೆ ದುಡಿಯಲೊಲ್ಲದೆ ಕಾಲ್ಫನು ಕಾಂಪೆನ್ ಎಂಬ ಸಣ್ಣ ಊರಿಗೆ ಹೋದನು.

ಅಲ್ಲಿ ಆತನು, ಮಾಂಸದ ಪದಾರ್ಥಗಳನ್ನು ತುಂಬಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದನು. ಕೊಳವೆಯೊಳಗೆ ರೋಗಿಯ ರಕ್ತ ಹರಿಯುವುದು; ಯೂರಿಯಾ ಅದರ ತೆಳುಗೋಡೆಯನ್ನು ದಾಟಿ ನೀರಿಗಿಳಿಯುವುದು; ರಕ್ತಕಣಗಳೂ ಪ್ರೋಟೀನುಗಳೂ ಒಳಗೇ ಉಳಿಯುವುವು. ೧೯೪೩ರಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆಯಾಯಿತು. ಎರಡು ವರ್ಷಗಳಲ್ಲಿ ರೋಗಿಗಳು ಒಬ್ಬರ ಮೇಲೊಬ್ಬರು ಸತ್ತರು. ಯಂತ್ರದಿಂದಲೇ ಬದುಕಿದರೆಂದು ನಿಶ್ಚಯವಾಗಿ ಹೇಳಬಹುದಾದವರು ಒಬ್ಬರೂ ಇರಲಿಲ್ಲ.

೧೯೪೫ರ ಸೆಪ್ಟೆಂಬರಿನಲ್ಲಿ ಹದಿನೇಳನೆಯ ರೋಗಿಯಾಗಿ ೬೭ ವರ್ಷದ ಹೆಂಗಸೊಬ್ಬಳು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಬಂದಳು. ಯುದ್ಧವು ಮುಗಿದಿತ್ತು. ಆಕೆಯು ನಾಜಿಗಳ ಪಕ್ಷವಹಿಸಿದ್ದಕ್ಕಾಗಿ ಸೆರೆಯಲ್ಲಿದ್ದವಳು. ಐದು ವರ್ಷಗಳ ದಾಸ್ಯವನ್ನು ಅನುಭವಿಸಿದ ಜನರಲ್ಲಿ, ಇಂಥವಳು ಸತ್ತರೆ ಸಾಯಲೆಂದು ಬಯಸಿದವರು ಕಡಮೆಯಿರಲಿಲ್ಲ. ಕಾಲ್ಫನು ಆಕೆಯ ರಕ್ತವನ್ನು ಹನ್ನೊಂದು ಗಂಟೆಗಳ ಕಾಲ ಯಂತ್ರದಲ್ಲಿ ಹರಿಸಿದನು. ಆಕೆಯು ಕಣ್ಣು ತೆರೆದಳು. ಮೂತ್ರಪಿಂಡಗಳು ಮತ್ತೆ ಕೆಲಸಕ್ಕೆ ತೊಡಗಿದುವು. ಹಲವು ವರ್ಷ ಬದುಕಿದಳು. ಕೃತಕ ಮೂತ್ರಪಿಂಡದಿಂದ ಉಳಿದ ಮೊದಲನೆಯ ಜೀವವು ಇದು.

ಕಾಲ್ಫನಿಗೆ ಆಕೆಯ ಅಪರಾಧವು ಕಾಣಲಿಲ್ಲವೆಂದಲ್ಲ. ನಾಜಿಗಳನ್ನು ಆತನಿಗಿಂತ ಹತ್ತಿರದಿಂದ ಅರಿತವರು ಅಪರೂಪ. ಆದರೆ ಆಕೆಯ ರಕ್ತದಲ್ಲಿದ್ದ ವಿಷವೇ ಬೇರೆ, ಆಕೆಯ ಪಕ್ಷದಲ್ಲಿದ್ದ ವಿಷವೇ ಬೇರೆ. ಮೊದಲನೆಯದಕ್ಕೆ ಪರಿಹಾರ ಆಸ್ಪತ್ರೆ, ಎರಡನೆಯದಕ್ಕೆ ನ್ಯಾಯಸ್ಥಾನ. ಆಕೆಯಲ್ಲಿ ವಿಷವಿದೆಯೆಂದು ವೈದ್ಯನು ಹೇಳಿದನು. ಆಕೆಯೇ ವಿಷವೆಂದು ಹೇಳಲಿಲ್ಲ. ಈ ಎರಡು ವಾಕ್ಯಗಳ ನಡುವಣ ಅಂತರವೇ ಕಾಲ್ಫನಿಗೂ ಆತನ ದೇಶವನ್ನು ಆಕ್ರಮಿಸಿದವರಿಗೂ ಇದ್ದ ಅಂತರ.

೫

ದುಷ್ಟರು ತಪ್ಪಿದರೆಂಬುದರಿಂದ ಸಜ್ಜನರಿಗೆ ಹೆಚ್ಚಿನ ಪಾಠವಾಗುವುದಿಲ್ಲ. ಸಜ್ಜನರೇ ತಪ್ಪಿದ ಇನ್ನೊಂದು ಉದಾಹರಣೆಯು ಹೆಚ್ಚು ವಿಚಾರಾರ್ಹವಾದುದು.

ಕಾಲ್ಫನ ಯಂತ್ರವು ತಾತ್ಕಾಲಿಕವಾಗಿ ಕೆಟ್ಟ ಮೂತ್ರಪಿಂಡಗಳಿಗೆ ಕೆಲವು ದಿನಗಳ ಆಸರೆಯಾಗುತ್ತಿತ್ತು. ಪ್ರತಿಸಲವೂ ರಕ್ತನಾಳಗಳನ್ನು ಹೊಸದಾಗಿ ಕತ್ತರಿಸಬೇಕಾಗಿದ್ದುದರಿಂದ, ಶಾಶ್ವತವಾಗಿ ಪಿಂಡಗಳನ್ನು ಕಳೆದುಕೊಂಡವರಿಗೆ ಅದರಿಂದ ಉಪಯೋಗವಿರಲಿಲ್ಲ. ೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯನು, ಮುಂದೋಳಿನ ಶುದ್ಧರಕ್ತನಾಳವನ್ನೂ ಮಲಿನರಕ್ತನಾಳವನ್ನೂ ಟೆಫ್ಲಾನ್ ಕೊಳವೆಯಿಂದ ಜೋಡಿಸಿ ಹಾಗೆಯೇ ಬಿಡುವ ಉಪಾಯವನ್ನು ಕಂಡುಹಿಡಿದನು. ಆ ಕೊಳವೆಯನ್ನು ಮೊದಲು ಪಡೆದ ಯಂತ್ರಕುಶಲಿಯು ಸಾವಿನ ಬಾಗಿಲಿನಿಂದ ಹಿಂದಿರುಗಿ ಹನ್ನೊಂದು ವರ್ಷ ಬದುಕಿದನು.

ಯಂತ್ರಗಳು ಕೆಲವು, ಸಾಯುತ್ತಿದ್ದವರು ಹಲವರು. ೧೯೬೨ರಲ್ಲಿ ಸಿಯಾಟಲ್ಲಿನಲ್ಲಿ ಚಿಕಿತ್ಸಾಕೇಂದ್ರವು ತೆರೆದಾಗ, ವೈದ್ಯರು ಮೊದಲು ರೋಗದ ದೃಷ್ಟಿಯಿಂದ ತಕ್ಕವರನ್ನು ಆರಿಸುತ್ತಿದ್ದರು. ಅವರಲ್ಲಿ ಯಾರಿಗೆ ಹಾಸಿಗೆಯೆಂಬುದನ್ನು ನಿಶ್ಚಯಿಸಲು ಏಳು ಮಂದಿಯ ಒಂದು ಸಮಿತಿಯಿತ್ತು. ಅದರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವನು, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ ಇದ್ದರು. ಅವರು ಸಂಬಳವಿಲ್ಲದೆ, ಹೆಸರು ಹೊರಪಡಿಸದೆ, ದುಃಖದಿಂದಲೇ ಈ ಕೆಲಸವನ್ನು ಮಾಡಿದ ಸತ್ಪುರುಷರು. ರೋಗಿಯ ವಯಸ್ಸೆಷ್ಟು, ಮದುವೆಯಾಗಿದೆಯೆ, ಮಕ್ಕಳೆಷ್ಟು, ವಿದ್ಯೆಯೇನು, ಉದ್ಯೋಗವೇನು, ಆಸ್ತಿಯೆಷ್ಟು, ಮುಂದೆ ಆತನಿಂದ ಸಮಾಜಕ್ಕೆ ಏನು ಪ್ರಯೋಜನ ಎಂಬುವೆಲ್ಲ ಅವರ ವಿಚಾರಣೆಗೆ ಬಂದುವು. ಅದೇ ವರ್ಷದ ನವೆಂಬರಿನಲ್ಲಿ ಲೈಫ್ ಪತ್ರಿಕೆಯಲ್ಲಿ ಷಾನ ಅಲೆಕ್ಸಾಂಡರ್ ಎಂಬ ಲೇಖಕಿಯು ಈ ಸಂಗತಿಯನ್ನು ಪ್ರಕಟಿಸಿದಾಗ ದೇಶವೇ ತಲ್ಲಣಗೊಂಡಿತು. ೧೯೬೮ರಲ್ಲಿ ಒಬ್ಬ ಮನೋವೈದ್ಯನೂ ಒಬ್ಬ ನ್ಯಾಯಶಾಸ್ತ್ರದ ಪ್ರಾಧ್ಯಾಪಕನೂ ಈ ಆಯ್ಕೆಯನ್ನು ಪರಿಶೀಲಿಸಿ, ಥೋರೋವಿನಂಥವನು ಮೂತ್ರಪಿಂಡ ಕೆಟ್ಟು ಆ ಪ್ರಾಂತದಲ್ಲಿದ್ದಿದ್ದರೆ ಅವನಿಗೆ ಹಾಸಿಗೆ ಸಿಕ್ಕುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟರು. ಮದುವೆಯಿಲ್ಲದೆ, ಆಸ್ತಿಯಿಲ್ಲದೆ, ಕೆರೆಯ ದಡದ ಗುಡಿಸಿಲಿನಲ್ಲಿ ವಾಸಮಾಡಿ, ತೆರಿಗೆ ಕೊಡೆನೆಂದು ಸೆರೆಮನೆಗೆ ಹೋದ ಆ ಥೋರೋವಿನ ಬರಹವೇ ಮುಂದೆ ಗಾಂಧೀಜಿಯವರ ಸತ್ಯಾಗ್ರಹವಿಚಾರಕ್ಕೆ ಪುಷ್ಟಿಕೊಟ್ಟುದು.

ಸಮಿತಿಯವರು ಮಾಡಿದುದು ಮೂತ್ರಪಿಂಡದ ಕೆಲಸವನ್ನೇ. ಒಟ್ಟಿಗೆ ಯಾವುದು ಬೇಕೋ ಅದನ್ನು ಹಿಡಿದರು; ಉಳಿದುದನ್ನು ಹರಿಯಬಿಟ್ಟರು. ಅವರ ತಪ್ಪು ನಿರ್ದಯತೆಯಲ್ಲ. ಅನುಚಿತವಾದ ಸ್ಥಳದಲ್ಲಿ ಉಚಿತವಾದ ನ್ಯಾಯವನ್ನು ಪ್ರಯೋಗಿಸಿದುದು. ಮೂತ್ರಪಿಂಡದ ಶೋಧನೆಯು ನಿರ್ದೋಷವಾಗಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಯೂರಿಯಾದ ಕಣಕ್ಕೆ ತನ್ನದೆಂಬ ಸುಖದುಃಖವಿಲ್ಲ; ಅದು ದೇಹಕ್ಕಾಗಿಯೇ ಇದೆ, ದೇಹಕ್ಕೆ ಬೇಡವಾದರೆ ಅದಕ್ಕೆ ನಷ್ಟವೇನೂ ಇಲ್ಲ. ಎರಡನೆಯದು, ಸಕ್ಕರೆಯ ಒಂದು ಕಣಕ್ಕೂ ಇನ್ನೊಂದಕ್ಕೂ ಭೇದವಿಲ್ಲ. ಒಂದರ ಬೆಲೆಯನ್ನು ತಿಳಿದರೆ ಎಲ್ಲದರ ಬೆಲೆಯೂ ತಿಳಿದಂತೆಯೇ. ಮನುಷ್ಯನ ವಿಷಯದಲ್ಲಿ ಎರಡೂ ಸುಳ್ಳು. ದೇಹದಲ್ಲಿ ಅಂಶವು ಪೂರ್ಣಕ್ಕಾಗಿ ಇದೆ. ಸಮಾಜದಲ್ಲಿ ಪೂರ್ಣವು ಅಂಶಕ್ಕಾಗಿ ಇದೆ. ನೋಯುವವನು ಮನುಷ್ಯನೇ ಹೊರತು ಸಮಾಜವಲ್ಲ. ಇನ್ನು ಒಬ್ಬನಂತೆ ಇನ್ನೊಬ್ಬನಿಲ್ಲವಾದುದರಿಂದ, ಇವನಿಂದ ಮುಂದೆ ಏನಾಗಬಹುದೆಂಬುದನ್ನು ಅಳೆಯುವ ಬಟ್ಟಲು ಯಾರ ಕೈಯಲ್ಲಿಯೂ ಇಲ್ಲ.

ಹಾಗಾದರೆ ಹತ್ತು ಮಂದಿಗೆ ಒಂದೇ ಹಾಸಿಗೆಯಿದ್ದಾಗ ಏನು ಮಾಡಬೇಕು? ಯಾರನ್ನೂ ಆರಿಸದೆ ಹತ್ತು ಮಂದಿಯನ್ನೂ ಸಾಯಿಸುವುದು ಧರ್ಮವಲ್ಲ. ಯಾರಿಗೆ ಚಿಕಿತ್ಸೆಯು ಫಲಿಸುವುದೆಂಬುದನ್ನು ವೈದ್ಯನು ನೋಡಬೇಕಾದುದು ನ್ಯಾಯವೇ; ಅದು ರೋಗದ ವಿಚಾರ, ಯೋಗ್ಯತೆಯ ವಿಚಾರವಲ್ಲ. ಆಮೇಲೆಯೂ ಸಮಾನರಾಗಿ ಉಳಿದವರಲ್ಲಿ ಚೀಟಿ ಎತ್ತುವುದೋ ಮೊದಲು ಬಂದವನಿಗೆ ಮೊದಲು ಕೊಡುವುದೋ ಲೇಸೆಂದು ೧೯೭೦ರಲ್ಲಿ ಜೇಮ್ಸ್ ಚೈಲ್ಡ್ರೆಸ್ ಎಂಬ ನೀತಿಶಾಸ್ತ್ರಜ್ಞನು ವಾದಿಸಿದನು. ಚೀಟಿಯು ಕುರುಡು, ನಿಜ. ಆದರೆ ಅದು ಸೋತವನಿಗೆ ನೀನು ಅಯೋಗ್ಯನೆಂದು ಹೇಳುವುದಿಲ್ಲ. ಸಾಯುವವನಿಗೆ ಸಾವಿನ ಜೊತೆಯಲ್ಲಿ ಅವಮಾನವನ್ನೂ ಕೊಡದಿರುವುದು ಸಣ್ಣ ಉಪಕಾರವಲ್ಲ.

೬

ಆದರೆ ಚೀಟಿಯೂ ಕೊನೆಯ ಉತ್ತರವಲ್ಲ. ಹಾಸಿಗೆ ಒಂದೇ ಏಕೆ ಎಂಬುದೇ ಮುಂದಿನ ಪ್ರಶ್ನೆ. ೧೯೭೨ರಲ್ಲಿ ಅಮೆರಿಕದ ಶಾಸನಸಭೆಯು, ಮೂತ್ರಪಿಂಡ ಕೆಟ್ಟವರ ಚಿಕಿತ್ಸೆಗೆ ಸರ್ಕಾರದ ಹಣವನ್ನು ಕೊಡುವ ಶಾಸನವನ್ನು ಮಾಡಿತು. ಆರಿಸುವ ಸಮಿತಿಗಳಿಗೆ ಕೆಲಸವಿಲ್ಲವಾಯಿತು. ಹತ್ತು ವರ್ಷ ಸತ್ಪುರುಷರನ್ನು ಕಾಡಿದ ಧರ್ಮಸಂಕಟವು ಹಣದ ಒಂದು ನಿರ್ಣಯದಿಂದ ಬಗೆ ಹರಿಯಿತು. ಅನೇಕ ಧರ್ಮಸಂಕಟಗಳು ಹೀಗೆಯೇ. ಇಬ್ಬರಲ್ಲಿ ಯಾರೆಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೂ, ಇಬ್ಬರಿಗೂ ಹೇಗೆಂಬ ಪ್ರಶ್ನೆಗೆ ಉತ್ತರವಿರುತ್ತದೆ.

ಭಾರತದಲ್ಲಿ ಅಂಥ ಸಮಿತಿಯು ಪ್ರಸಿದ್ಧವಾಗಲಿಲ್ಲ. ಆದರೆ ಆಯ್ಕೆಯು ನಡೆಯಲಿಲ್ಲವೆಂದು ಯಾರೂ ಹೇಳಲಾರರು. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆಗಳಂತೆ, ಜೀವವಿರುವವರೆಗೂ ನಡೆಯಬೇಕಾದ ಚಿಕಿತ್ಸೆಯಿದು. ೨೦೧೬ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಯೋಜನೆಯನ್ನು ಸಾರಿದ ಮೇಲೆ ಬಡವರಿಗೆ ಆಸರೆಯು ಹೆಚ್ಚಿದೆ. ಆದರೂ ಬಸ್ಸಿನ ಖರ್ಚು, ಕಳೆದುಹೋಗುವ ದಿನಗೂಲಿ, ಜೊತೆಗೆ ಬರುವವರಿಲ್ಲದ ಮುಪ್ಪು, ಇವು ಸದ್ದಿಲ್ಲದೆ ಆರಿಸುತ್ತಲೇ ಇರುತ್ತವೆ. ಸಿಯಾಟಲ್ಲಿನ ಏಳು ಮಂದಿಗೆ ರಾತ್ರಿ ನಿದ್ರೆಯಾದರೂ ಕೆಡುತ್ತಿತ್ತು. ಈ ಸಮಿತಿಗೆ ಮುಖವೂ ಇಲ್ಲ, ನಿದ್ರೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ.

ಇದರ ಜೊತೆಗೆ ಬರುವುದು ದಾನದ ವಿಚಾರ. ೧೯೫೪ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ಜೋಸೆಫ್ ಮುರ್ರೆ ಮತ್ತು ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಯಶಸ್ಸನ್ನು ಪಡೆದರು. ಒಂದನ್ನು ಕೊಟ್ಟವನಲ್ಲಿ ಉಳಿದ ಇನ್ನೊಂದು ಪಿಂಡವು ತನ್ನ ಕೆಲಸವನ್ನು ಹೆಚ್ಚಿಸಿಕೊಂಡು ದೇಹವನ್ನು ನಡೆಸುತ್ತದೆ. ಪ್ರಕೃತಿಯೇ ಕೊಡುವುದಕ್ಕೆ ಎಡೆಮಾಡಿಕೊಟ್ಟಂತೆ ತೋರುತ್ತದೆ. ಆದರೆ ಕೊಡುವ ಎಡೆಯಿದ್ದಲ್ಲಿ ಕೊಳ್ಳುವವನೂ ಬರುತ್ತಾನೆ. ಸಾಲದಲ್ಲಿ ಮುಳುಗಿದ ಬಡವರು ಒಂದು ಪಿಂಡವನ್ನು ಮಾರಿಕೊಳ್ಳುವ ವ್ಯಾಪಾರವು ಈ ದೇಶದಲ್ಲಿ ಹಬ್ಬಿದುದರಿಂದ, ೧೯೯೪ರ ಕಾಯಿದೆಯು ಅದನ್ನು ಅಪರಾಧವೆಂದು ವಿಧಿಸಿತು. ತಂಗಿಯು ಅಣ್ಣನಿಗೆ ಪಿಂಡವನ್ನು ಕೊಟ್ಟಾಗ ಆಕೆಯು ಕೊಡುವ ಮನುಷ್ಯಳಾಗಿಯೇ ಉಳಿಯುತ್ತಾಳೆ. ಸಾಲಗಾರನು ಮಾರಿದಾಗ ಅವನು ಇನ್ನೊಬ್ಬನ ದೇಹದ ಬಿಡಿಭಾಗವಾಗುತ್ತಾನೆ. ಮನುಷ್ಯನು ಪೂರ್ಣಕ್ಕೆ ಅಂಶವಾಗಬಾರದೆಂಬ ಮೇಲಿನ ನ್ಯಾಯವು ಇಲ್ಲಿಯೂ ಅದೇ.

ಒಟ್ಟಿನಲ್ಲಿ, ದೇಹದ ವಿವೇಕಕ್ಕೆ ಒಂದು ಕ್ಷೇತ್ರವುಂಟು. ಅದು ಮನುಷ್ಯನ ಅಂತರಂಗ. ತನ್ನ ಆಸೆಗಳನ್ನೂ ಅಭಿಪ್ರಾಯಗಳನ್ನೂ ಆಗಾಗ ಮೂತ್ರಪಿಂಡದಂತೆ ಹೊರಗೆ ಸುರಿದು, ಬೇಕಾದುವನ್ನು ಬೇಕಾದಷ್ಟೇ ಹಿಂದಕ್ಕೆ ತೆಗೆದುಕೊಂಡು, ಉಪ್ಪಿಗೂ ಸಕ್ಕರೆಗೂ ಪ್ರಮಾಣವನ್ನು ಇಟ್ಟುಕೊಂಡು ಬಾಳುವವನು ಒಳಗೆ ಸ್ಥಿರನಾಗಿಯೂ ಹೊರಗೆ ಸ್ವತಂತ್ರನಾಗಿಯೂ ಇರುವನು. ಅಲ್ಲಿ ಶೋಧನೆಯು ಎಷ್ಟು ಕಠಿನವಾದರೂ ಯಾರಿಗೂ ಅನ್ಯಾಯವಿಲ್ಲ. ಆದರೆ ಆ ಜರಡಿಯನ್ನು ಕೈಯಲ್ಲಿ ಹಿಡಿದುಕೊಂಡು ನೆರೆಯವನ ಮನೆಯ ಬಾಗಿಲಿಗೆ ಹೋಗುವ ಅಧಿಕಾರವು ಯಾರಿಗೂ ಇಲ್ಲ. ತನ್ನ ವಿಷಯದಲ್ಲಿ ಶೋಧನೆ, ಇತರರ ವಿಷಯದಲ್ಲಿ ನ್ಯಾಯ; ಇವೆರಡರ ಸ್ಥಳವನ್ನು ಅದಲುಬದಲು ಮಾಡದಿರುವುದೇ ಮನುಷ್ಯನಿಗೆ ಉಚಿತವಾದ ವಿವೇಕ.